ಕಾದು ಕೆಂಪಾದವರ ಸಂಘ

ಫೋನು ಬಡಿದುಕೊಂಡಾಗ ಎಲ್ಲರೂ ಡೈಲಾಗ್ ಎನ್ನುವ ಹುಡುಗ ಯಾರದೋ ಮೇಲ್ದವಡೆಯ ಅಚ್ಚಿಗೆ ಮೇಣ ತುಂಬುತ್ತಿದ್ದ.

"ನನ್ನ ಪೇಷಂಟ್ ಹಲ್ಲು ಏನಾಯ್ತಪ್ಪಾ?" ಆ ಕಡೆಯಿಂದ ದಂತವೈದ್ಯರ ಧ್ವನಿ. "ಮೊಮ್ಮಗಳ ಎದುರು ಬಾಯಿ ಮುಚ್ಕೊಂಡೇ ನಗ್ತಿದೀನಿ ಅಂತ ಗೋಳಾಡ್ತಿದಾರೆ."

"ಪಾಲಿಶ್ ಒಂದೇ ಬಾಕಿ ಸಾರ್. ಈ ಹಲ್ಲು ಬರೋದು ಲೇಟಾಗಬಹುದು, ಬಂದ್ಮೇಲೆ ಮಾತ್ರ ಕಚ್ಚದೆ ಬಿಡಲ್ಲ!"

ವೈದ್ಯರು ನಕ್ಕು ಫೋನಿಟ್ಟರು. ಅಸಲಿಗೆ ಆ ಹಲ್ಲಿನ ಸೆಟ್ಟಿಗೆ ಇನ್ನೂ ಅಚ್ಚನ್ನೇ ಎರೆದಿರಲಿಲ್ಲ. ಹಲ್ಲು ತಯಾರಿಸುವ ಆ ಲ್ಯಾಬಿನಲ್ಲಿ ಯಾರಿಗೆ ಫೋನು ಬಂದರೂ 'ಪಾಲಿಶ್ ಒಂದೇ ಬಾಕಿ' ಎನ್ನುವುದು ರೂಢಿ. ಅದು ಸುಳ್ಳೆಂದು ಅಲ್ಲಿ ಯಾರಿಗೂ ಅನಿಸುತ್ತಿರಲಿಲ್ಲ. ಗೋಡೆಗೆ ಮುಖಮಾಡಿದ ಉದ್ದನೆಯ ಮೇಜು, ಎಲ್ಲದರ ಮೇಲೂ ಹಿಟ್ಟಿನಂಥ ಪ್ಲಾಸ್ಟರ್ ಧೂಳು, ಟ್ರೇಗಳ ತುಂಬ ಮುಖಗಳಿಲ್ಲದ ನಗುಗಳು. ಬೆಳಗ್ಗೆಯಿಂದ ಸಂಜೆಯವರೆಗೆ ಡೈಲಾಗ್ ಅವುಗಳ ಜೊತೆಗಿರುತ್ತಿದ್ದ. ಅವನು ಮಾಡಿದ ಹಲ್ಲು ಹಾಕಿಕೊಂಡವರನ್ನು ಒಬ್ಬರನ್ನೂ ಅವನು ಕಂಡಿರಲಿಲ್ಲ.

ಅವನಿಗೆ ಆ ಹೆಸರು ಬಂದದ್ದು ಸಹಜವಾಗಿಯೇ. ಬಸ್ಸಿನಲ್ಲಿ ಚಿಲ್ಲರೆ ಕೇಳಿದರೂ ಹೀರೋ ಎಂಟ್ರಿಯ ಧಾಟಿಯಲ್ಲಿ ಉತ್ತರಿಸುವ ಆಸಾಮಿ. ಒಂದು ಕಾಲಕ್ಕೆ ಅವನ ಎಲ್ಲ ಡೈಲಾಗುಗಳಿಗೂ ಒಬ್ಬ ಖಾಯಂ ಪ್ರೇಕ್ಷಕನಿದ್ದ. ಲಿಫ್ಟ್ ರಿಪೇರಿ ಮಾಡುವ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಗೆಳೆಯ. ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಇಬ್ಬರೂ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ಉದ್ದಣ್ಣ ನಗುತ್ತಿದ್ದುದು ಕಮ್ಮಿ, ಆದರೆ ಪೂರ್ತಿ ಕೇಳುತ್ತಿದ್ದ. ಅಂಥವನು ಸಿಗುವುದು ಕಷ್ಟ.

ಉದ್ದಣ್ಣನಿಗೆ ಮದುವೆ ಗೊತ್ತಾದಾಗ ಡೈಲಾಗ್ ಘೋಷಿಸಿಬಿಟ್ಟ: "ನಿನ್ನ ಮದುವೆಗೆ ನಾನು ತರೋ ಗಿಫ್ಟ್ ನೋಡಿ ವಧು ನಿನ್ನ ಬಿಟ್ಟು ನನ್ನನ್ನೇ ನೋಡ್ಬೇಕು, ಹಂಗಿರುತ್ತೆ!"

"ಗಿಫ್ಟ್ ಏನೂ ಬೇಡ್ವೋ. ನೀನು ಹಿಂದಿನ ದಿನಾನೇ ಬಂದ್ಬಿಡು, ಸಾಕು," ಎಂದಿದ್ದ ಉದ್ದಣ್ಣ.

ಆದರೆ ಡೈಲಾಗ್ ಹೇಳಿದ ಮೇಲೆ ಹೇಳಿದ್ದೇ. ಇಂಟರ್ನೆಟ್ಟಿನಲ್ಲಿ ಆರ್ಡರ್ ತೆಗೆದುಕೊಂಡು ಕೈಯಲ್ಲೇ ಚಿತ್ರ ಬಿಡಿಸಿಕೊಡುವ ಕಲಾವಿದೆಯೊಬ್ಬಳ ಪುಟ ಕಣ್ಣಿಗೆ ಬಿತ್ತು. ಹಳೇ ಸಿನಿಮಾ ಪೋಸ್ಟರಿನ ಶೈಲಿಯಲ್ಲಿ, ಹಿಂದೆ ಬೆಂಕಿ, ಮುಂದೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಇಬ್ಬರು ನಾಯಕರು: ಉದ್ದಣ್ಣ ಮತ್ತು ತಾನು. ಇಂಥದೊಂದು ಚಿತ್ರಕ್ಕೆ ಪೂರ್ತಿ ಹಣವನ್ನು ಮೊದಲೇ ಕೊಟ್ಟ. ಚಿತ್ರ ಬರುವುದು ತಡವಾಯಿತು. 'ಆಗ್ತಾ ಇದೆ, ದಯವಿಟ್ಟು ಸ್ವಲ್ಪ ಸಮಯ ಕೊಡಿ' ಎಂಬ ಉತ್ತರಗಳು ಬಂದವು. ಆಮೇಲೆ ಅವೂ ನಿಂತವು.

ಮದುವೆಯ ಹಿಂದಿನ ದಿನ ಡೈಲಾಗ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತ. ಇಷ್ಟು ದಿನ ಬಡಾಯಿ ಕೊಚ್ಚಿ ಈಗ ಬರಿಗೈಯಲ್ಲಿ ಹೋಗುವುದು ಹೇಗೆ? ಎಲ್ಲರೂ 'ಎಲ್ಲೋ ನಿನ್ನ ಗಿಫ್ಟು' ಎಂದು ಕೇಳುತ್ತಾರಲ್ಲ? ಕೂತೇ ಇದ್ದ. ಬಸ್ಸು ತಪ್ಪಿತು. 'ಜ್ವರ ಕಣೋ, ಏಳೋಕಾಗ್ತಿಲ್ಲ' ಎಂದು ಮೆಸೇಜು ಕಳಿಸಿದ.

ಸುಳ್ಳು ಬಹಳ ದಿನ ಬಾಳಲಿಲ್ಲ. ಅದೇ ಸಂಜೆ ಬೇಸರ ತಡೆಯಲಾರದೆ ಚಿತ್ರಮಂದಿರಕ್ಕೆ ಹೋದವನು ಅಲ್ಲಿಂದಲೇ ನಾಲಗೆ ಹೊರಚಾಚಿದ ಫೋಟೋ ಹಾಕಿದ್ದ. ಉದ್ದಣ್ಣ ಅದನ್ನು ನೋಡಿದ. ಸ್ವಲ್ಪ ದಿನದ ಮೇಲೆ ಅವನಿಂದ ಒಂದು ಮೆಸೇಜು ಬಂತು. 'ಜ್ವರ ಇರ್ಲಿಲ್ಲ ಅಂತ ಗೊತ್ತಾಯ್ತು. ಯಾಕೆ ಅಂತ ಕೇಳಲ್ಲ. ಆರಾಮಾಗಿರು.'

ಅದಕ್ಕೆ ಡೈಲಾಗ್ ಉತ್ತರಿಸಿರಲಿಲ್ಲ. ಜಗತ್ತಿನ ಎಲ್ಲ ಮಾತಿಗೂ ಉತ್ತರವಿದ್ದವನಿಗೆ ಅದೊಂದಕ್ಕೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ: ಇದೆಲ್ಲ ಆ ಕಲಾವಿದೆಯ ತಪ್ಪು.

ಕೋಣೆಯಲ್ಲಿ ಉದ್ದಣ್ಣನ ಮಂಚದ ಜಾಗ ಖಾಲಿಯಾಗಿತ್ತು. ಆ ಖಾಲಿಯ ಕಡೆ ಬೆನ್ನು ಮಾಡಿ ಕೂತು ಫೋನು ತೀಡುತ್ತಿದ್ದ ಒಂದು ಸಂಜೆ ಅವನಿಗೆ ಆ ಗುಂಪು ಸಿಕ್ಕಿತು. ಅದೇ ಕಲಾವಿದೆಗೆ ಆರ್ಡರ್ ಕೊಟ್ಟು ಕಾದು ಕಾದು ಸಿಟ್ಟಾದವರ ಗುಂಪು. ಮೊಬೈಲ್ ಅಂಗಡಿಯವನೊಬ್ಬ ಅದರ ಅಡ್ಮಿನ್. ಡೈಲಾಗ್ ಒಳಗೆ ಕಾಲಿಟ್ಟವನೇ ಬರೆದ: 'ನಾವು ಕಾಯೋಕೆ ಕೂತ್ರೆ ಗಡಿಯಾರಾನೇ ಸುಸ್ತಾಗಿ ರಜೆ ಕೇಳ್ಬೇಕು!' ನಗುವ ಮುಖಗಳು ಸಾಲುಸಾಲಾಗಿ ಬಂದವು. ಗುಂಪಿಗೆ 'ಕಾದು ಕೆಂಪಾದವರ ಸಂಘ' ಎಂದು ನಾಮಕರಣ ಮಾಡಿದವನೂ ಅವನೇ.

ಅಲ್ಲಿಂದ ಅವನ ಸಂಜೆಗಳಿಗೆ ಜನ ಸಿಕ್ಕರು. 'ಗುರುವೇ, ಇವತ್ತೇನೂ ಬಿಡ್ಲಿಲ್ವಾ?' ಎಂದು ಯಾರಾದರೂ ಕೇಳುತ್ತಿದ್ದರು. ಅವನು ಕಲಾವಿದೆಯನ್ನು ಆಮೆಯಾಗಿ, ಕುಂಭಕರ್ಣನಾಗಿ, ತುಕ್ಕು ಹಿಡಿದ ಕುಂಚವಾಗಿ ಮಾಡಿ ಹಾಕುತ್ತಿದ್ದ. ಆ ಗುಂಪಿನಲ್ಲಿ ಒಬ್ಬಳು ನರ್ಸಕ್ಕ ಇದ್ದಳು. ತನ್ನ ಮುದಿ ನಾಯಿಯ ಚಿತ್ರಕ್ಕೆ ಆರ್ಡರ್ ಕೊಟ್ಟಿದ್ದವಳು. ಒಂದು ದಿನ ಅವಳು ಬರೆದಳು: 'ನಾಯಿ ಹೋಗ್ಬಿಡ್ತು. ಇನ್ನು ಚಿತ್ರ ಬಂದ್ರೂ ನೋಡೋ ಧೈರ್ಯ ಇದೆಯೋ ಇಲ್ವೋ.' ಡೈಲಾಗ್ ಅದಕ್ಕೂ ಒಂದು ಜೋಕು ಹಾಕಿದ. 'ನಾಯಿನೇ ಮೇಲೆ ಹೋಗಿ ಕಂಪ್ಲೇಂಟ್ ಕೊಟ್ಟಿರುತ್ತೆ ಬಿಡಿ!' ಎಲ್ಲರೂ ನಕ್ಕರು. ನರ್ಸಕ್ಕ ಏನೂ ಬರೆಯಲಿಲ್ಲ.

ಆಗಲೇ ಯಾರೋ ಹಳೇ ಪಾರ್ಸೆಲ್ಲಿನ ಮೇಲಿದ್ದ ಕಲಾವಿದೆಯ ವಿಳಾಸ ಹುಡುಕಿ ಹಾಕಿದರು. ಡೈಲಾಗ್ ಇದ್ದ ಊರೇ!

'ಹೀರೋ ನೀನೇ,' ಎಂದ ಅಡ್ಮಿನ್. 'ಮನೆ ಬಾಗಿಲಿಗೆ ಹೋಗಿ ಮುಖದ ಮೇಲೆ ಕೇಳು. ವೀಡಿಯೊ ಮಾಡು. ಊರೆಲ್ಲ ನೋಡ್ಲಿ.'

ಹಾಗೆ ಹುಟ್ಟಿದ್ದು ಕೊರಿಯರ್ ಯೋಜನೆ. ಗುಜರಿಯಲ್ಲಿ ಸಿಕ್ಕ ಕೆಟ್ಟ ಗೋಡೆ ಗಡಿಯಾರ ಒಂದು ರಟ್ಟಿನ ಪೆಟ್ಟಿಗೆಯೊಳಗೆ, ಅದರ ಸುತ್ತ ಸಂಘದ ಸದಸ್ಯರು ಬರೆದ ಬೈಗುಳಗಳ ಪ್ರಿಂಟು. ಅವಳು ಪೆಟ್ಟಿಗೆ ಬಿಚ್ಚುವಾಗ ಡೈಲಾಗ್ ಜೇಬಿನಲ್ಲಿಟ್ಟ ಫೋನಿನ ಕ್ಯಾಮೆರಾ ಎಲ್ಲವನ್ನೂ ನೋಡುತ್ತಿರಬೇಕು. ಆಮೇಲೆ ಅವನ ಡೈಲಾಗು. ಅದನ್ನು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿಕೊಂಡ.

ಭಾನುವಾರ ಮಧ್ಯಾಹ್ನ ಟೋಪಿ ಹಾಕಿಕೊಂಡು ಹೊರಟ. ಲಾಂಡ್ರಿ ಅಂಗಡಿಯೊಂದರ ಮೇಲಿನ ಮಹಡಿ. ಮೆಟ್ಟಿಲ ತುಂಬ ಬಿಸಿ ಬಟ್ಟೆಯ ವಾಸನೆ. ಬೆಲ್ ಒತ್ತಿದ.

ಬಾಗಿಲು ಅರ್ಧ ತೆರೆದು ಅಲ್ಲೇ ಸಿಕ್ಕಿಕೊಂಡಿತು. ಸಂದಿಯಲ್ಲಿ ನರೆತ ಕೂದಲಿನ, ದಪ್ಪ ಕನ್ನಡಕದ ಹೆಂಗಸೊಬ್ಬರ ಮುಖ. ಡೈಲಾಗ್ ಊಹಿಸಿಕೊಂಡಿದ್ದ ಸೊಕ್ಕಿನ ಹುಡುಗಿ ಎಲ್ಲೂ ಇರಲಿಲ್ಲ.

"ಪಾರ್ಸೆಲ್ಲು," ಎಂದ.

"ನನಗಾ?" ಅವರು ನಂಬಲಿಲ್ಲ. "ಸರಿಯಾಗಿ ನೋಡಪ್ಪ. ಕೆಳಗಿನ ಲಾಂಡ್ರಿಯವರದ್ದಿರ್ಬೇಕು. ನನಗೆ ಯಾರು ಕಳಿಸ್ತಾರೆ?"

"ನಿಮಗೇ ಅಕ್ಕಾ. ಹೆಸರಿದೆ."

ಅವರ ಮುಖ ಅರಳಿತು. ಅಷ್ಟೊಂದು ಅರಳಬಾರದಿತ್ತು ಎನಿಸಿತು ಡೈಲಾಗ್‌ಗೆ. "ತಡಿ ತಡಿ, ಬಾಗಿಲು ಪೂರ್ತಿ ಬರಲ್ಲ, ಹಿಂದೆ ಚಿತ್ರ ಒರಗಿಸಿದೀನಿ. ನೀನು ಒಳಗೆ ನುಸುಳಿ ಆ ಕಡೆಯಿಂದ ಸ್ವಲ್ಪ ಎತ್ತು ಮರಿ. ನಂಗೊಬ್ಬಳಿಗೆ ಆಗಲ್ಲ."

ಒಳಗೆ ಒಂದೇ ಕೋಣೆ. ನಾಲ್ಕೂ ಗೋಡೆಗೆ ಚಿತ್ರಗಳು ಒರಗಿದ್ದವು, ಎಲ್ಲವೂ ಗೋಡೆಗೆ ಮುಖ ಮಾಡಿ, ತರಗತಿಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ. ಮಲಗುವ ಚಾಪೆಗೂ ಜಾಗವಿಲ್ಲದಷ್ಟು. ಡೈಲಾಗ್ ಬಾಗಿಲ ಹಿಂದಿನ ದೊಡ್ಡ ಚಿತ್ರವನ್ನು ಎತ್ತಿದ. ತಿರುಗಿಸಿದ.

ಬೆಂಕಿಯ ಮುಂದೆ ಉದ್ದಣ್ಣ ನಿಂತಿದ್ದ.

ಥೇಟ್ ಉದ್ದಣ್ಣನೇ. ನಗದೆ ನಗುವ ಕಣ್ಣು, ಬಾಗಿಲಿಗೆ ಹೆದರಿ ಸ್ವಲ್ಪ ಬಗ್ಗಿಯೇ ಇರುವ ಕುತ್ತಿಗೆ. ಅವನ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಬ್ಬ. ಕೆಂಪು ಸ್ಕಾರ್ಫು, ಸೊಂಟದ ಮೇಲೆ ಕೈ, ಹಾರುವ ಕೂದಲು. ಮುಖದ ಜಾಗದಲ್ಲಿ ಬಣ್ಣ ಮುಟ್ಟದ ಬರೀ ಬಿಳಿ ಕ್ಯಾನ್ವಾಸು.

"ಇದಕ್ಕೆ ಮುಖಾನೇ ಇಲ್ವಲ್ಲ?" ಎಂದ ಡೈಲಾಗ್.

"ಅಯ್ಯೋ ಅವನ ಕಥೆ ಕೇಳ್ಬೇಡ," ಅವರು ಪೆನ್ನು ಹುಡುಕುತ್ತಲೇ ಅಂದರು. "ಒಂದು ನೆಟ್ಟಗಿನ ಫೋಟೋ ಕಳಿಸಪ್ಪ ಅಂತ ಎಷ್ಟು ಸಲ ಕೇಳಿದೆ. ಒಂದ್ರಲ್ಲಿ ನಾಲಗೆ ಚಾಚಿದಾನೆ, ಒಂದ್ರಲ್ಲಿ ಕಪ್ಪು ಕನ್ನಡಕ. ಇನ್ನೊಂದ್ರಲ್ಲಿ ಯಾವ್ದೋ ಹೀರೋ ತಲೆ ಅಂಟಿಸಿ, 'ಮುಖದಲ್ಲೇನಿದೆ ಮೇಡಂ, ಖದರಿರೋದು ನಡೆಯಲ್ಲಿ' ಅಂತ ಬರ್ದಿದ್ದ. ಆಗ ನನಗೂ ನಗು ಬಂತು. ಆಮೇಲೆ ಏನು ಮಾಡ್ಲಿ? ಈ ಉದ್ದದ ಹುಡುಗನ್ನ ಒಂದೇ ವಾರದಲ್ಲಿ ಮುಗಿಸ್ದೆ. ಇವನ ಒಂದು ನಿಜವಾದ ಮುಖ ಎಲ್ಲೂ ಸಿಗಲಿಲ್ಲ."

ಅವರು ನೇರವಾಗಿ ಅವನ ಮುಖವನ್ನೇ ನೋಡುತ್ತ ಇದನ್ನು ಹೇಳಿದರು. ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ?

"ತಡ ಆಗುತ್ತೆ ಅಂತ ಹೇಳ್ಬೋದಿತ್ತಲ್ಲ," ಎಂದ. ಕೊರಿಯರಿನವನು ಹಾಗೆ ಕೇಳಬಾರದು ಎಂಬುದೂ ಮರೆತಿತ್ತು. "ಸುಮ್ನಾಗಿಬಿಟ್ರೆ ಕಾಯೋರು ಏನಂದ್ಕೋಬೇಕು?"

ಅವರು ಸ್ಟೂಲಿನ ಮೇಲೆ ಕೂತರು. "ನೀನು ಹೇಳೋದು ಸರಿ. ಮೊದಲನೇ ಸಲ ತಡ ಆದಾಗ 'ನಾಳೆ ಹೇಳೋಣ, ಸ್ವಲ್ಪ ಕೆಲಸ ತೋರ್ಸೋ ಹಂಗಾಗ್ಲಿ' ಅಂದ್ಕೊಂಡೆ. ನಾಳೆ ನಾಚಿಕೆ ಆಯ್ತು. ನಾಚಿಕೆ ಆಗಿ ಸುಮ್ನಿದ್ದೆ. ಸುಮ್ನಿದ್ದಿದ್ದಕ್ಕೆ ಇನ್ನೂ ನಾಚಿಕೆ. ಈಗ ಫೋನು 'ಟಿಂಗ್' ಅಂದ್ರೆ ದಿಂಬಿನ ಅಡಿ ಇಡ್ತೀನಿ."

"ಮತ್ತೆ ಹೊಸ ಆರ್ಡರ್ ತಗೊಂಡಿದ್ದು? ಹಳೇದೇ ಮುಗೀದೇ ಇರುವಾಗ?"

ಅವರು ಬೆರಳಿಗಂಟಿದ ಬಣ್ಣ ಕೆರೆದುಕೊಂಡರು. ಕೆಳಗೆ ಲಾಂಡ್ರಿಯ ಯಂತ್ರ ಗಿರಗಿರ ತಿರುಗುತ್ತಿತ್ತು.

"ಅದು ತಪ್ಪು. ನನಗೂ ಗೊತ್ತು," ಎಂದರು. "ಸ್ಕೂಲಲ್ಲಿ ಡ್ರಾಯಿಂಗ್ ಹೇಳ್ಕೊಡ್ತಿದ್ದೆ. ಡ್ರಾಯಿಂಗ್ ಪೀರಿಯಡ್ಡೇ ತೆಗೆದ್ರು. ಆಮೇಲೆ ನನ್ನ ಹತ್ರ ಮಾತಾಡೋರು ಅಂದ್ರೆ ಆರ್ಡರ್ ಕೊಡೋರೇ. ಹೊಸಬರು ಮೊದಲನೇ ದಿನ ತುಂಬ ಚೆನ್ನಾಗಿ ಮಾತಾಡ್ತಾರೆ ಕಣಪ್ಪ. ಇವರು ನಮ್ಮಮ್ಮ, ಇದು ನಮ್ಮ ನಾಯಿ ಅಂತ ಎಲ್ಲಾ ಹೇಳ್ಕೋತಾರೆ. ಬೇಡ ಅನ್ನೋಕೆ ಬಾಯಿ ಬರಲ್ಲ."

ನಾಯಿ ಎಂದೊಡನೆ ಅವರೇ ಎದ್ದು ಗೋಡೆಯ ಕಡೆಯಿಂದ ಒಂದು ಚಿಕ್ಕ ಚಿತ್ರ ತಿರುಗಿಸಿದರು. ಮೂತಿ ಬಿಳಿಯಾದ ಒಂದು ಮುದಿ ನಾಯಿ ಆಸ್ಪತ್ರೆಯ ಸಮವಸ್ತ್ರದ ಮಡಿಲಲ್ಲಿ ತಲೆಯಿಟ್ಟು ಮಲಗಿತ್ತು.

"ಇದು ಮುಗಿದೇಹೋಗಿದೆ. ಕಳಿಸಿಲ್ಲ. ಇಷ್ಟು ತಡ ಮಾಡಿ ಕಳ್ಸೋವಾಗ ಜೊತೆಗೆ ಎರಡು ಸಾಲು ಬರೀಬೇಕಲ್ಲ. ಏನಂತ ಬರೀಲಿ ಅಂತ ಹೊಳೆಯದೆ ಇಲ್ಲೇ ಉಳೀತು."

"ಆ ನಾಯಿ ಸತ್ತೋಯ್ತು ಅಕ್ಕಾ."

ಮಾತು ಬಾಯಿಂದ ಬಿದ್ದ ಮೇಲೆ ಅವನು ತುಟಿ ಕಚ್ಚಿಕೊಂಡ. ಅವರು ಚಿತ್ರವನ್ನು ಮಡಿಲಿಗೆಳೆದುಕೊಂಡು ಅದರ ಅಂಚನ್ನು ಬೆರಳಿಂದ ಸವರತೊಡಗಿದರು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

"ನಿನಗೆ ಹೆಂಗೆ ಗೊತ್ತು?" ಎಂದರು ಕೊನೆಗೆ. ಆಮೇಲೆ, ಏನೋ ತಿಳಿದವರ ಹಾಗೆ, ಮೂಲೆಯಲ್ಲಿಟ್ಟಿದ್ದ ಪೆಟ್ಟಿಗೆಯ ಕಡೆ ನೋಡಿದರು. "ಅದ್ರಲ್ಲೇನಿದೆ?"

ಇದೇ ಆ ಕ್ಷಣ. ಸಂಘವೇ ಕಾಯುತ್ತಿತ್ತು. ಜೇಬಿನಲ್ಲಿ ಫೋನು ಬೆಚ್ಚಗಾಗಿತ್ತು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಡೈಲಾಗಿನ ಒಂದು ಅಕ್ಷರವೂ ನೆನಪಾಗಲಿಲ್ಲ.

"ಬಿಚ್ಚಬೇಡಿ," ಎಂದ. "ಅದು ಒಳ್ಳೇದಲ್ಲ. ನಾನೇ ತಂದಿದ್ದು. ನಾನು ಕೊರಿಯರಿನವನಲ್ಲ." ಟೋಪಿ ತೆಗೆದ. "ಅಕ್ಕಾ, ಆ ಮುಖ ಇಲ್ಲದವನು ನಾನೇ."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಬೈಯುತ್ತಾರೆ ಎಂದುಕೊಂಡ. ಪೊಲೀಸರನ್ನು ಕರೆಯುತ್ತಾರೆ ಎಂದುಕೊಂಡ. ಅವನು ಫೋನು ಹೊರತೆಗೆದು ಅವರ ಕಣ್ಣೆದುರೇ ವೀಡಿಯೊ ಅಳಿಸಿದ. 

"ನನ್ನ ಮನೆಗೆ ವರ್ಷದ ಮೇಲೆ ಬಂದಿರೋ ಪಾರ್ಸೆಲ್ಲು ಅದು," ಎಂದರು ನಿಧಾನವಾಗಿ. "ನಿಂಗೆ ಬಯ್ಯೋಕೆ ನನಗೆ ಯೋಗ್ಯತೆ ಇಲ್ಲ. ಆದ್ರೂ ಹಿಂಗೆ ಮಾಡ್ಬಾರ್ದಿತ್ತು ಕಣೋ."

"ಮಾಡ್ಬಾರ್ದಿತ್ತು."

"ಮದುವೆಗೆ ಕೊಡ್ಬೇಕು ಅಂದಿದ್ದೆ ನೀನು. ಮದುವೆ ಆಯ್ತಾ?"

"ಆಯ್ತು. ನಾನು ಹೋಗ್ಲಿಲ್ಲ."

"ಚಿತ್ರ ಇಲ್ಲ ಅಂತ?"

ಅವನು ಹೌದೆಂದು ತಲೆಯಾಡಿಸಿದ. ಅಷ್ಟು ದಿನ ತಲೆಯೊಳಗೆ ಬಹಳ ದೊಡ್ಡದಾಗಿದ್ದ ಕಾರಣ ಬೇರೊಬ್ಬರ ಬಾಯಲ್ಲಿ ಕೇಳಿದಾಗ ಇಷ್ಟೇ ಇಷ್ಟಾಗಿತ್ತು.

"ತಡ ಮಾಡಿದ್ದು ನನ್ನ ತಪ್ಪು," ಎಂದರು ಅವರು. "ಹೋಗದೇ ಇದ್ದಿದ್ದನ್ನ ಮಾತ್ರ ನನ್ನ ತಲೆಗೆ ಕಟ್ಟಬೇಡಪ್ಪ. ಅದನ್ನ ನಾನು ಹೊರಲಾರೆ."

ಆಮೇಲೆ ಅವರು ಕಿಟಕಿಯ ಪಕ್ಕಕ್ಕೆ ಸ್ಟೂಲು ಎಳೆದು ಕೂರು ಎಂದರು. ಇದ್ದಿಲ ಕಡ್ಡಿ ಹಿಡಿದರು. ಡೈಲಾಗ್ ಅಭ್ಯಾಸಬಲದಿಂದ ಹುಬ್ಬು ಹಾರಿಸಿದ.

"ಅದು ಬೇಡ."

ತುಟಿ ಓರೆ ಮಾಡಿದ.

"ಅದೂ ಬೇಡ. ಏನೂ ಮಾಡ್ಬೇಡ. ಸುಮ್ನೆ ಇರು."

ಸುಮ್ಮನೆ ಇರುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಕೆನ್ನೆ ತಾನಾಗಿಯೇ ಎಳೆಯುತ್ತಿತ್ತು, ನಗಿಸಲು ಏನಾದರೂ ಹುಡುಕುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ದಣಿಯಿತು. ಕಿಟಕಿಯ ಆಚೆ ಯಾರದೋ ಬೆಡ್‌ಶೀಟುಗಳು ಒಣಗುತ್ತಿದ್ದವು. ಅವನು ಅವನ್ನೇ ನೋಡುತ್ತ ಉಳಿದ. ಕೋಣೆಯಲ್ಲಿ ಇದ್ದಿಲು ಸರಸರ ಎನ್ನುವುದಷ್ಟೇ. ಒಬ್ಬರು ತನ್ನನ್ನು ಇಷ್ಟು ಹೊತ್ತು ನೋಡಿ ಎಷ್ಟು ಕಾಲವಾಯಿತೋ ಎಂದು ನೆನಪಿಸಿಕೊಳ್ಳಲು ಹೋಗಿ ಅವನ ಕಣ್ಣು ಮಂಜಾಯಿತು. ಅವರು ಅದನ್ನು ಕಂಡರೂ ಕಾಣದವರ ಹಾಗೆ ಗೆರೆ ಎಳೆಯುತ್ತಲೇ ಇದ್ದರು.

ಹೊರಡುವ ಮುನ್ನ ಅವನು ಗಡಿಯಾರವನ್ನೂ ಬೈಗುಳಗಳನ್ನೂ ಚೀಲಕ್ಕೆ ತುರುಕಿ ಪೆಟ್ಟಿಗೆ ಖಾಲಿ ಮಾಡಿದ. ನಾಯಿಯ ಚಿತ್ರವನ್ನು ಅದರೊಳಗಿಟ್ಟರು. ಜೊತೆಗಿಡುವ ಕಾಗದದ ಮುಂದೆ ಅವರು ಮತ್ತೆ ಪೆನ್ನು ಹಿಡಿದು ಕಲ್ಲಾದರು.

"ಉದ್ದ ಬೇಡ ಅಕ್ಕಾ," ಎಂದ ಡೈಲಾಗ್. "ತಡ ಮಾಡಿದೆ, ಹೇಳೋಕೆ ನಾಚಿಕೆ ಆಯ್ತು, ಕ್ಷಮಿಸಿ. ಅಷ್ಟೇ ಬರೀರಿ. ಮಿಕ್ಕಿದವರಿಗೂ ಅಷ್ಟೇ. ಯಾರ್ದು ಆಗಿದೆ, ಯಾರ್ದು ಆಗಲ್ಲ ಅಂತ ನಿಜ ಹೇಳ್ಬಿಡಿ. ಬೈತಾರೆ. ಬೈದು ಮುಗಿಸ್ತಾರೆ."

ಮರುದಿನ ಅವನೇ ಆ ಪೆಟ್ಟಿಗೆಯನ್ನು ಅಂಚೆಗೆ ಹಾಕಿದ.

ಸಂಘದಲ್ಲಿ ಅಷ್ಟರಲ್ಲಾಗಲೇ ಗದ್ದಲ ಎದ್ದಿತ್ತು. 'ವೀಡಿಯೊ ಎಲ್ಲಿ ಗುರು?' ಎಂಬ ಸಾಲು ಬೆಳೆಯುತ್ತಲೇ ಇತ್ತು. ಡೈಲಾಗ್ ಬರೆದ: 'ವೀಡಿಯೊ ಇಲ್ಲ. ಅಳಿಸಿದೆ. ಅವರು ತಡ ಮಾಡಿದ್ದು ನಿಜ, ಸುಮ್ಮನಿದ್ದದ್ದು ತಪ್ಪು. ನಿಮಗೆಲ್ಲ ಬರೀತಾರೆ. ಬೇಡ ಅನ್ನೋರು ಬೇಡ ಅನ್ನಿ, ಹಣ ಕೇಳೋರು ಕೇಳಿ, ಅದು ನಿಮ್ಮ ಹಕ್ಕು. ಮನೆ ಬಾಗಿಲಿಗೆ ಹೋಗಬೇಡಿ. ನಾನು ಹೋಗಬಾರದಿತ್ತು. ನನ್ನ ಚಿತ್ರ ತಡವಾಗಿದ್ದು ನಾನು ಒಂದು ಸರಿಯಾದ ಫೋಟೋ ಕಳಿಸದೇ ಇದ್ದಿದ್ದಕ್ಕೆ. ನರ್ಸಕ್ಕಾ, ನಿಮ್ಮ ನಾಯಿ ವಿಷಯದಲ್ಲಿ ನಾನು ಹಾಕಿದ್ದ ಜೋಕು ಹೊಲಸು. ಕ್ಷಮಿಸಿ.'

ಈ ಸಲ ನಗುವ ಮುಖಗಳು ಬರಲಿಲ್ಲ. 'ಎಷ್ಟಕ್ಕೆ ಮಾರ್ಕೊಂಡೆ?' ಎಂದ ಒಬ್ಬ. 'ಹೀರೋ ಅಂದ್ಕೊಂಡಿದ್ವಿ, ಜೋಕರ್ ಆದ,' ಎಂದ ಇನ್ನೊಬ್ಬ. ಅಡ್ಮಿನ್ ಹೆಚ್ಚು ಮಾತಾಡಲಿಲ್ಲ, ಅವನನ್ನು ಗುಂಪಿನಿಂದ ತೆಗೆದುಹಾಕಿದ. ತಾನೇ ಹೆಸರಿಟ್ಟ ಸಂಘದ ಬಾಗಿಲು ಅವನ ಮುಖದ ಮೇಲೆ ಮುಚ್ಚಿತು. ನರ್ಸಕ್ಕ ಮಾತ್ರ ಬೇರೆಯಾಗಿ ಒಂದು ಮೆಸೇಜು ಕಳಿಸಿದಳು: 'ಅವತ್ತು ತುಂಬ ನೋವಾಗಿತ್ತು.' ಅಷ್ಟೇ.

ಆ ವಾರ ಅವನ ಫೋನು ಟಿಂಗ್ ಎನ್ನಲಿಲ್ಲ. ಕೋಣೆಗೆ ಬಂದರೆ ಫ್ಯಾನಿನ ಸದ್ದು. ಎರಡು ಸಲ ಉದ್ದಣ್ಣನ ಮೆಸೇಜು ತೆಗೆದ. ಒಂದು ಸಲ 'ಲೋ ಹೀರೋ' ಎಂದು ಬರೆದು ಅಳಿಸಿದ. ಇನ್ನೊಂದು ಸಲ ಚಿತ್ರ ಮುಗಿಯಲಿ, ಆಮೇಲೆ ಹೋದರಾಯಿತು ಎಂದುಕೊಂಡ. ಹಾಗಂದುಕೊಂಡ ಗಳಿಗೆಯೇ ಇದು ಮತ್ತೆ ಅದೇ ಹಳೇ ನೆಪ ಎಂದು ಹೊಳೆಯಿತು. ಎದ್ದು ಬಸ್ಸಿಗೆ ನಡೆದ.

ಹೊಸ ಬಡಾವಣೆಯ ಕಟ್ಟಡವೊಂದರ ಮೂರನೇ ಮಹಡಿ. ಬಾಗಿಲು ತೆರೆದದ್ದು ಉದ್ದಣ್ಣನೇ. ಕೈಯಲ್ಲಿ ಗ್ರೀಸಿನ ಕಲೆ, ಮುಖದಲ್ಲಿ ಏನೂ ಇಲ್ಲ.

"ಜ್ವರ ಇರ್ಲಿಲ್ಲ," ಎಂದ ಡೈಲಾಗ್.

"ಗೊತ್ತು."

"ಒಂದು ಚಿತ್ರ ಮಾಡ್ಸಿದ್ದೆ. ನಿಂದು ನಂದು. ಅದು ಬರ್ಲಿಲ್ಲ. ಬರಿಗೈಲಿ ಬಂದ್ರೆ ಮರ್ಯಾದೆ ಹೋಗುತ್ತೆ ಅನ್ನಿಸ್ತು. ಅದಕ್ಕೇ..." ಖಾಲಿ ಕೈ ಚಾಚಿ ತೋರಿಸಿದ. "ಇನ್ನೂ ಬಂದಿಲ್ಲ."

ಉದ್ದಣ್ಣ ಬಾಗಿಲ ಚೌಕಟ್ಟಿಗೆ ಒರಗಿದ.

"ನಾನು ಚಿತ್ರಾನ ಕರೆದಿದ್ನಾ?" ಎಂದ. "ನಮ್ಮಪ್ಪ ಇಲ್ಲ, ಅಣ್ಣತಮ್ಮ ಇಲ್ಲ. ನನ್ನ ಕಡೆಯವರು ಅಂತ ಕೂರೋಕೆ ಒಬ್ಬನನ್ನ ಕರೆದಿದ್ದೆ. ಆ ಕುರ್ಚಿ ಖಾಲಿ ಇತ್ತು ಕಣೋ."

  ಡೈಲಾಗ್ ತಲೆ ತಗ್ಗಿಸದೆ, ಆ ಮಾತು ಪೂರ್ತಿ ತನ್ನ ಮೇಲೆ ಬೀಳಲಿ ಎಂಬಂತೆ ನಿಂತ.

ಒಳಗಿನಿಂದ ಹೆಂಗಸಿನ ಧ್ವನಿ ಕೇಳಿತು: "ರೀ, ಯಾರು?"

ಉದ್ದಣ್ಣ ಕೈಯ ಗ್ರೀಸನ್ನು ಅಂಗಿಗೆ ಒರೆಸಿಕೊಂಡ.

"ನನ್ನ ಕಡೆಯವನು," ಎಂದ. "ಮದುವೆಗೆ ಬಂದಿದಾನೆ. ತಡವಾಗಿ."

ಬಾ ಎನ್ನಲಿಲ್ಲ, ನಗಲೂ ಇಲ್ಲ. ತಿರುಗಿ ಒಳಗೆ ಹೋದ. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ಡೈಲಾಗ್ ಶೂ ಬಿಚ್ಚಲು ಹೊಸ್ತಿಲಲ್ಲೇ ಬಗ್ಗಿ ಕೂತ. ಲೇಸಿನ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.